ಮನೆಯ ಹಣಕಾಸು ಮತ್ತು ಕ್ರೈಸ್ತ ನಂಬಿಕೆ: ಬೀದರ್ ಸೀಮೆಯ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಭಾಲ್ಕಿ, ಹುಮನಾಬಾದ್, ಔರಾದ್, ಬಸವಕಲ್ಯಾಣ ಕಡೆಯ ಸಭೆಗಳಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಜನರು ದುಡ್ಡಿನ ವಿಷಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲು ಯತ್ನಿಸಲಾಗಿದೆ. ಕ್ರೈಸ್ತ ಕುಟುಂಬದ ಹಣಕಾಸಿನ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ತಿಂಗಳ ಸಂಬಳದವರನ್ನು ಮುಂದಿಟ್ಟುಕೊಂಡು ಬರೆದವು. ನಮ್ಮ ಸಭೆಗಳಲ್ಲಿ ಸಂಬಳದವರು ಇದ್ದಾರೆ, ಆದರೆ ಒಣಬೇಸಾಯದವರು, ಕೂಲಿಗೆ ಹೋಗುವವರು, ಮಗನನ್ನು ಹೈದರಾಬಾದಿಗೋ ಪುಣೆಗೋ ಕಳುಹಿಸಿ ಅವನು ಹಾಕುವ ಹಣದ ದಾರಿ ಕಾಯುವವರು ಅದಕ್ಕಿಂತ ಹೆಚ್ಚು. ಈ ಉತ್ತರಗಳು ಮುಖ್ಯವಾಗಿ ಅವರಿಗಾಗಿ. ವಚನಗಳ ಅಧ್ಯಾಯ ಮತ್ತು ಸಂಖ್ಯೆ ಕೊಡಲಾಗಿದೆ. ಓದುವವರು ತಮ್ಮ ಮನೆಯ ಬೈಬಲ್ಲನ್ನು ತೆರೆದು ನೋಡಿಕೊಳ್ಳುವುದು ಒಳ್ಳೆಯದು.

ನಮಗೆ ತಿಂಗಳ ಸಂಬಳವಿಲ್ಲ. ವರ್ಷಕ್ಕೊಮ್ಮೆ ರಾಶಿ, ನಡುನಡುವೆ ಕೂಲಿ. ಇಂಥ ಮನೆಯಲ್ಲಿ ಬಜೆಟ್ ಮಾಡುವುದು ಹೇಗೆ?

ವರ್ಷವನ್ನು ಜನವರಿಯಿಂದಲೋ ಏಪ್ರಿಲ್‌ನಿಂದಲೋ ಎಣಿಸದೆ ರಾಶಿಯಿಂದ ರಾಶಿಗೆ ಎಣಿಸಬೇಕು. ನಮ್ಮಲ್ಲಿ ಹೆಸರು ಮತ್ತು ಉದ್ದು ಆಗಸ್ಟ್ ಕೊನೆಯಿಂದ, ಸೋಯಾ ಅಕ್ಟೋಬರ್ ಹೊತ್ತಿಗೆ, ತೊಗರಿ ಡಿಸೆಂಬರ್ ಮತ್ತು ಜನವರಿಯಲ್ಲಿ ಮನೆಗೆ ಬರುತ್ತವೆ. ಹಿಂಗಾರಿ ಜೋಳ ಮುಗಿದ ಮೇಲೆ ಹೊಲದಿಂದ ಬರುವುದು ಬಹಳ ಕಡಿಮೆ. ಮದುವೆ, ಶಾಲೆಯ ಫೀಸು, ಬೀಜ, ಗೊಬ್ಬರ ಇವೆಲ್ಲ ಬಂದು ನಿಲ್ಲುವುದು ಮಾತ್ರ ಏಪ್ರಿಲ್‌ನಿಂದ ಜೂನ್‌ವರೆಗಿನ ಆ ಬರಿಗೈಯ ತಿಂಗಳುಗಳಲ್ಲಿ. ಸಾಲ ಹುಟ್ಟುವುದು ಆಗಲೇ. ಮುಂದಿನ ರಾಶಿಯನ್ನು ತೋರಿಸಿ ಈಗ ಹಣ ತರುವುದು, ರಾಶಿ ಬಂದಾಗ ಅದನ್ನು ನೇರವಾಗಿ ಸಾಲಕ್ಕೆ ಕೊಟ್ಟು ಮತ್ತೆ ಬರಿಗೈಯಾಗುವುದು ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಮಳೆ ತಪ್ಪಿದ ಒಂದು ವರ್ಷ ಸಾಕು, ಆ ಸುತ್ತಿನಿಂದ ಹೊರಬರಲು ಹತ್ತು ವರ್ಷ ಬೇಕಾಗುತ್ತದೆ.

ಸತ್ಯವೇದವೂ (ಬೈಬಲ್) ಒಕ್ಕಲುತನದವರ ನಡುವೆಯೇ ಹುಟ್ಟಿದ್ದರಿಂದ ಈ ತೊಂದರೆ ಅದಕ್ಕೆ ಹೊಸದಲ್ಲ. ಯೋಸೇಫನು ಸುಭಿಕ್ಷದ 7 ವರ್ಷಗಳಲ್ಲಿ ಐಗುಪ್ತ ದೇಶದ ಬೆಳೆಯ ಐದನೆಯ ಒಂದು ಪಾಲನ್ನು ಕೂಡಿಸಿಡುವಂತೆ ಫರೋಹನಿಗೆ ಹೇಳಿದ್ದು ಎಲ್ಲರಿಗೂ ಗೊತ್ತು (ಆದಿಕಾಂಡ 41:34). ಅಷ್ಟಾಗಿ ಯಾರೂ ಗಮನಿಸದ ಮಾತು 47ನೆಯ ಅಧ್ಯಾಯದಲ್ಲಿದೆ. ಕೂಡಿಸಿಡದ ಜನರು ಬರಗಾಲದಲ್ಲಿ ಮೊದಲು ಹಣವನ್ನು, ಆಮೇಲೆ ದನಕರುಗಳನ್ನು, ಕೊನೆಗೆ ಹೊಲವನ್ನೂ ತಮ್ಮನ್ನೂ ಒಪ್ಪಿಸಿಬಿಡುತ್ತಾರೆ. ಆಮೇಲೆ ಯೋಸೇಫನು ಅವರಿಗೆ ಬಿಟ್ಟುಕೊಟ್ಟ, ಐದರಲ್ಲಿ ನಾಲ್ಕು ಪಾಲಿನ ಉಪಯೋಗವನ್ನು ಹೇಳುವಾಗ ಮೊದಲು ಹೆಸರಿಸುವುದು ಹೊಲದ ಬೀಜವನ್ನು. ಊಟ ಮತ್ತು ಮನೆಯವರ ಮಾತು ಅದರ ನಂತರ (47:24). ಬಂದ ರಾಶಿಯ ಮೇಲೆ ಬದುಕಬೇಕು, ಬರಲಿರುವ ರಾಶಿಯ ಮೇಲೆ ಅಲ್ಲ. ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಈ ಒಂದು ಮಾತಿಗೆ ಹೊಂದಿಕೊಂಡಿವೆ.

ಒಂದು ಲೆಕ್ಕ ನೋಡೋಣ. ಇದು ಕಲ್ಪಿತ ಉದಾಹರಣೆ. 4 ಎಕರೆ ಒಣಭೂಮಿ, ತೊಗರಿ 14 ಕ್ವಿಂಟಲ್, ಕ್ವಿಂಟಲ್‌ಗೆ 7,000 ರೂಪಾಯಿಯಂತೆ 98,000 ರೂಪಾಯಿ ಬಂತು ಎಂದಿಟ್ಟುಕೊಳ್ಳಿ. ಅದರಿಂದ ಮೊದಲು ತೆಗೆಯಬೇಕಾದದ್ದು ಮುಂದಿನ ಬಿತ್ತನೆಯ ಬೀಜ, ಗೊಬ್ಬರ, ಔಷಧಿ, ಕಳೆ ಮತ್ತು ರಾಶಿಯ ಖರ್ಚು, ಅಂದಾಜು 36,000. ಉಳಿದ 62,000ದಲ್ಲಿ ಹತ್ತನೆಯ ಒಂದು ಪಾಲು, ಅಂದರೆ ದಶಮಾಂಶವಾಗಿ, 6,200 ದೇವರಿಗೆಂದು ತೆಗೆದಿಟ್ಟರೆ ಕೈಯಲ್ಲಿ 55,800 ನಿಲ್ಲುತ್ತದೆ. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 4,650. ಇದಕ್ಕೆ ಮನೆಯೊಡತಿಯ ಗೃಹಲಕ್ಷ್ಮಿ ಯೋಜನೆಯ 2,000 ಮತ್ತು ಇಬ್ಬರ ಕೂಲಿ ಸೇರಬೇಕು. ಅಡತಿ ಅಂಗಡಿಯಲ್ಲಿ 98,000 ಎಣಿಸಿಕೊಂಡ ಸಂಜೆ ಮನೆಯವರಿಗೆ ಹೊಳೆಯದ ಅಂಕಿ ಈ 4,650. ಅದು ಕಣ್ಣೆದುರು ಬಂದ ಮೇಲೆ ಹೊಸ ಮೊಬೈಲ್, ಹೊಸ ಬೈಕಿನ ಮಾತು ತಾನಾಗಿಯೇ ಬೇರೆ ಬಗೆಯಲ್ಲಿ ನಡೆಯುತ್ತದೆ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಲೆಕ್ಕಹಾಕುತ್ತಾನಲ್ಲವೇ ಎಂದು ಕರ್ತನಾದ ಯೇಸು ಕೇಳಿದ್ದು ಶಿಷ್ಯತ್ವದ ವಿಷಯದಲ್ಲಿ (ಲೂಕ 14:28). ಆದರೂ ಹಾಗೆ ಕುಳಿತು ಲೆಕ್ಕಹಾಕುವುದು ಬುದ್ಧಿವಂತರ ನಡತೆ ಎಂಬುದನ್ನು ಕೇಳುವವರೆಲ್ಲ ಒಪ್ಪಿಕೊಂಡಿದ್ದರು ಎಂಬುದೂ ಆ ಮಾತಿನಲ್ಲೇ ಇದೆ.

ಲೆಕ್ಕ ಬರೆಯುವ ಅಭ್ಯಾಸವಿಲ್ಲ. ಎಲ್ಲಿಂದ ಆರಂಭಿಸಬೇಕು?

ಗೋಡೆಯ ಕ್ಯಾಲೆಂಡರ್‌ನಿಂದ. ನಮ್ಮ ಬಹಳಷ್ಟು ಮನೆಗಳಲ್ಲಿ ಹಾಲಿನ ಲೆಕ್ಕ ಮತ್ತು ಕೂಲಿಗೆ ಹೋದ ದಿನಗಳ ಗುರುತು ಈಗಾಗಲೇ ಅದರ ಚೌಕಗಳಲ್ಲಿ ಬೀಳುತ್ತವೆ. ಅದೇ ಚೌಕದಲ್ಲಿ ಆ ದಿನದ ಖರ್ಚಿನ ಒಟ್ಟು ಮೊತ್ತವನ್ನೂ ಬರೆದರೆ ಸಾಕು. ಭಾನುವಾರ ಸಂಜೆ ಗಂಡ ಹೆಂಡತಿ ಇಬ್ಬರೂ ಕುಳಿತು ವಾರದ ಮೊತ್ತವನ್ನು ಒಂದು ನೋಟ್‌ಬುಕ್ಕಿಗೆ ಇಳಿಸಬೇಕು. ಪೌಲನು ಕೊರಿಂಥದವರಿಗೆ ಬರೆಯುವಾಗ, ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನಗೆ ಬಂದ ಆದಾಯದ ಮೇರೆಗೆ ತನ್ನಲ್ಲಿ ಗಂಟುಮಾಡಿಟ್ಟುಕೊಳ್ಳಬೇಕೆಂದು ಹೇಳುತ್ತಾನೆ (1 ಕೊರಿಂಥ 16:2). ಆದಾಯ ಎಷ್ಟೆಂದು ತಿಳಿಯದೆ ಅದರ ಮೇರೆಗೆ ತೆಗೆದಿಡಲಾಗುವುದಿಲ್ಲ.

ಕಿರಾಣಿ ಅಂಗಡಿಯ ಉದ್ರಿಯನ್ನು ಮಾತ್ರ ಬೇರೆ ಪುಟದಲ್ಲಿ ಬರೆಯಿರಿ. ಅಂಗಡಿಯವರ ವಹಿಯಲ್ಲಿ ಇರುವುದು ಮತ್ತು ನಿಮ್ಮ ಪುಟದಲ್ಲಿ ಇರುವುದು ತಿಂಗಳಿಗೊಮ್ಮೆ ತಾಳೆಯಾಗಬೇಕು.

ದಶಮಾಂಶವನ್ನು ಒಟ್ಟು ಆದಾಯದ ಮೇಲೆ ಕೊಡಬೇಕೇ, ಖರ್ಚು ಕಳೆದ ಮೇಲೆ ಕೊಡಬೇಕೇ?

ಸಂಬಳದವರಿಗೆ ಈ ಪ್ರಶ್ನೆ ಸಣ್ಣದು, ರೈತನಿಗೆ ದೊಡ್ಡದು. ಮೇಲಿನ ಉದಾಹರಣೆಯಲ್ಲಿ ಒಟ್ಟು ಮೊತ್ತದ ಹತ್ತನೆಯ ಪಾಲು 9,800, ಬಿತ್ತನೆಯ ಖರ್ಚು ತೆಗೆದ ಮೇಲೆ 6,200. ಧರ್ಮೋಪದೇಶಕಾಂಡ 14:22 ಹೊಲದ ಹುಟ್ಟುವಳಿಯ ಹತ್ತನೆಯ ಪಾಲು ಎನ್ನುತ್ತದೆ. ಆ ಕಾಲದ ರೈತನು ಗೊಬ್ಬರದ ಅಂಗಡಿಗೆ ಸಾವಿರಾರು ರೂಪಾಯಿ ಕಟ್ಟಿ ಬಿತ್ತುತ್ತಿರಲಿಲ್ಲ ಎಂಬುದನ್ನೂ ನಾವು ಮರೆಯಬಾರದು. ಹಾಕಿದ ಬಂಡವಾಳ ಮರಳಿ ಬಂದದ್ದನ್ನು ಆದಾಯವೆಂದು ಎಣಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ; ಖರ್ಚು ತೆಗೆದು ಉಳಿದದ್ದರ ಮೇಲೆ ಕೊಡುವವರು ದೇವರನ್ನು ವಂಚಿಸಿದಂತಾಗುವುದಿಲ್ಲ. ಒಟ್ಟಿನ ಮೇಲೆ ಕೊಡುವ ಹಿರಿಯರು ನಮ್ಮಲ್ಲಿದ್ದಾರೆ, ಅದು ಅವರ ಸಂತೋಷ. ಮನೆಯ ಖರ್ಚು, ಮದುವೆಯ ಖರ್ಚು, ಬೈಕಿನ ಕಂತು ಇವನ್ನೆಲ್ಲ ಕಳೆದು ಉಳಿದ ಚಿಲ್ಲರೆಯ ಮೇಲೆ ಹತ್ತನೆಯ ಪಾಲು ಎಣಿಸುವುದು ಬೇರೆ ಮಾತು, ಅದು ಸಲ್ಲದು.

ಹೊಸ ಒಡಂಬಡಿಕೆಯಲ್ಲಿ ಸಭೆಗಳಿಗೆ ಹತ್ತನೆಯ ಪಾಲಿನ ಅಂಕಿಯನ್ನು ಕಟ್ಟಳೆಯಾಗಿ ವಿಧಿಸಿದ ವಚನ ಸಿಗುವುದಿಲ್ಲ. ಒಬ್ಬನಲ್ಲಿ ಇರುವುದರ ಮೇರೆಗೆ ಕೊಟ್ಟದ್ದು ದೇವರಿಗೆ ಸಮರ್ಪಕವಾಗುತ್ತದೆ, ಇಲ್ಲದ್ದರ ಮೇರೆಗಲ್ಲ ಎಂಬ ಪೌಲನ ಮಾತು (2 ಕೊರಿಂಥ 8:12) ಬಡವನ ಭಾರವನ್ನು ಇಳಿಸುತ್ತದೆ ಮತ್ತು ಉಳ್ಳವನಿಗೆ ಹತ್ತರಲ್ಲೇ ನಿಲ್ಲುವ ಅಪ್ಪಣೆ ಕೊಡುವುದಿಲ್ಲ. ದಶಮಾಂಶದ ನಿಯಮದಲ್ಲಿಯೇ 3ನೆಯ ವರ್ಷದ ಪಾಲು ದೇವರ ಸೇವೆಗೆ ನೇಮಕವಾದ ಲೇವಿಯರ ಜೊತೆಗೆ ಪರದೇಶಿ, ತಾಯಿತಂದೆಯಿಲ್ಲದವರು ಮತ್ತು ವಿಧವೆಯರಿಗೆ ಸಲ್ಲಬೇಕೆಂದಿದೆ (ಧರ್ಮೋಪದೇಶಕಾಂಡ 14:28-29). ಊರಿನಲ್ಲಿ ಒಬ್ಬಂಟಿ ಮುದುಕಿಯ ಔಷಧಿಗೆ ಕೊಟ್ಟದ್ದನ್ನು ಕಾಣಿಕೆಯ ಲೆಕ್ಕಕ್ಕೆ ಸೇರಿಸಬಹುದೇ ಎಂದು ಕೇಳುವವರಿಗೆ ಆ ವಚನವೇ ಉತ್ತರ.

ಸಾಲ ತೀರದಿರುವಾಗ ಕಾಣಿಕೆ ಕೊಡಬೇಕೇ?

ಸಾಲ ಕೊಟ್ಟವನ ಹಣವನ್ನು ತಡೆಹಿಡಿದು ಕಾಣಿಕೆ ಕೊಡುವುದು ಬೇರೆಯವರ ಹಣವನ್ನು ಕೊಟ್ಟಂತೆ. ಎಲೀಷನ ಬಳಿಗೆ ಬಂದ ವಿಧವೆಯ ಇಬ್ಬರು ಮಕ್ಕಳನ್ನು ಸಾಲ ಕೊಟ್ಟವನು ದಾಸರನ್ನಾಗಿ ಒಯ್ಯಲು ಬಂದಿದ್ದ. ಪಾತ್ರೆಗಳೆಲ್ಲ ಎಣ್ಣೆಯಿಂದ ತುಂಬಿದ ಮೇಲೆ ಪ್ರವಾದಿಯು ಆಕೆಗೆ, ಎಣ್ಣೆ ಮಾರಿ ಸಾಲ ತೀರಿಸಿ ಉಳಿದದ್ದರಿಂದ ಮಕ್ಕಳೊಂದಿಗೆ ಜೀವನ ಮಾಡೆಂದು ಹೇಳಿದನು (2 ಅರಸುಗಳು 4:7). ದೇವರು ಅದ್ಭುತದಿಂದ ಕೊಟ್ಟ ಎಣ್ಣೆಯಿಂದಲೂ ಮೊದಲು ತೀರಿದ್ದು ಸಾಲ. ಆದ್ದರಿಂದ ಕಟ್ಟಬೇಕಾದ ಕಂತನ್ನು ಕಟ್ಟಿ, ಸಣ್ಣದಾದರೂ ತಪ್ಪದೆ ಒಂದು ಕಾಣಿಕೆಯನ್ನು ಕೊಡುತ್ತಾ ಹೋಗಿ. ಸಾಲ ತೀರಿದ ಮೇಲೆ ಹೆಚ್ಚಿಸಿ. ಸಭೆಯಲ್ಲಿ ಕಾಣಿಕೆಯ ಮೊತ್ತವನ್ನು ಹೆಸರು ಹಿಡಿದು ಓದುವ ರೂಢಿ ಇರುವಲ್ಲಿ ನಾಚಿಕೆಗಾಗಿ ಹೆಚ್ಚು ಬರೆಸುವವರಿದ್ದಾರೆ. ಆ ರೂಢಿಯನ್ನು ಸಭೆಯವರೇ ಕೈಬಿಡುವುದು ಒಳ್ಳೆಯದು.

ಹಾಗೆಯೇ ದೇವರಿಗೆ ಮುಡಿಪು ಎಂದು ಹೇಳಿ ತಂದೆತಾಯಿಗೆ ಸಲ್ಲಬೇಕಾದದ್ದನ್ನು ತಡೆಯುವವರನ್ನು ಯೇಸು ಕಟುವಾಗಿ ಗದರಿಸಿದನು (ಮಾರ್ಕ 7:9-13). ಊರಲ್ಲಿ ಅಪ್ಪನ ಕಣ್ಣಿನ ಆಪರೇಷನ್ ನಿಂತಿರುವಾಗ ನಗರದ ಸಭೆಯ ಕಟ್ಟಡಕ್ಕೆ ದೊಡ್ಡ ಮೊತ್ತ ಬರೆಸುವ ಮಗನು ಆ ವಚನಗಳನ್ನು ಓದಲಿ.

ಕೊಟ್ಟರೆ ನೂರ್ಮಡಿ ಬರುತ್ತದೆ ಎಂದು ಕೆಲವು ಬೋಧಕರು ಹೇಳುತ್ತಾರೆ. ನಿಜವೇ?

ಬಡ್ಡಿಯ ಆಸೆಯಿಂದ ಕೊಟ್ಟದ್ದು ಹೂಡಿಕೆ, ಕಾಣಿಕೆಯಲ್ಲ. ದಶಮಾಂಶ ತಂದರೆ ಆಶೀರ್ವಾದ ಸುರಿಸುವೆನೆಂಬ ಮಲಾಕಿಯ 3:10ನ್ನು ಓದುವವರು ಅದೇ ಅಧ್ಯಾಯದ 5ನೆಯ ವಚನವನ್ನೂ ಓದಬೇಕು. ಅಲ್ಲಿ ಕೂಲಿಯಾಳಿನ ಕೂಲಿಯನ್ನು ತಡೆಯುವವರ ವಿರುದ್ಧ ದೇವರು ನ್ಯಾಯತೀರಿಸಲು ಬರುತ್ತಾನೆ. ಸಾಲ ಮಾಡಿ ಕೊಡಿ ಎನ್ನುವ ಬೋಧಕರಿಂದ ದೂರವಿರಿ.

ಸಾಲ ಮಾಡುವುದು ಪಾಪವೇ?

ಪಾಪವೆಂದು ಸತ್ಯವೇದ ಹೇಳುವುದಿಲ್ಲ, ಅಪಾಯವೆಂದು ಹೇಳುತ್ತದೆ. ಸಾಲಗಾರನು ಸಾಲ ಕೊಟ್ಟವನಿಗೆ ಸೇವಕ (ಜ್ಞಾನೋಕ್ತಿಗಳು 22:7). ತೀರಿಸದಿರುವುದನ್ನು ಮಾತ್ರ ದುಷ್ಟತನವೆಂದು ಕೀರ್ತನೆ 37:21 ಸ್ಪಷ್ಟವಾಗಿ ಕರೆಯುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಎರಡು: ಇದು ತೀರಿಸಬಲ್ಲ ಸಾಲವೇ, ಮತ್ತು ಇದು ಏನನ್ನು ಹುಟ್ಟಿಸುವ ಸಾಲ?

ಬೆಳೆಸಾಲ ಎಮ್ಮೆಯ ಸಾಲ ಒಂದು ಬಗೆ, ಮದುವೆಯ ಸಾಲ ಹಬ್ಬದ ಸಾಲ ಇನ್ನೊಂದು ಬಗೆ. ಮೊದಲನೆಯದರಲ್ಲೂ ಎಲ್ಲಿಂದ ತರುತ್ತೇವೆ ಎಂಬುದು ಮುಖ್ಯ. ಸಾಹುಕಾರರಿಂದ ನೂರಕ್ಕೆ 3ರ ಬಡ್ಡಿಗೆ 50,000 ತಂದರೆ ತಿಂಗಳಿಗೆ 1,500, ವರ್ಷಕ್ಕೆ 18,000, ಅಂದರೆ ಶೇಕಡಾ 36. ಅಸಲು ಒಂದು ರೂಪಾಯಿಯೂ ಕಡಿಮೆಯಾಗಿರುವುದಿಲ್ಲ. ಅದೇ ಬೆಳೆಸಾಲವನ್ನು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಿಂದ ಪಡೆದು ಅವಧಿಯೊಳಗೆ ಮರಳಿಸುವ ರೈತರಿಗೆ ರಾಜ್ಯ ಸರ್ಕಾರವು ಶೂನ್ಯ ಬಡ್ಡಿಯ ಸೌಲಭ್ಯ ಕೊಟ್ಟಿದೆ. ಅದರ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಸಂಘದಲ್ಲಿ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಓಡಾಡುವುದು ಬೇಸರದ ಕೆಲಸವೇ, ಸಾಹುಕಾರರು ಅರ್ಧ ಗಂಟೆಯಲ್ಲಿ ಎಣಿಸಿಕೊಡುತ್ತಾರೆ ಎಂಬುದೂ ನಿಜವೇ. ಆ ಅರ್ಧ ಗಂಟೆಯ ಬೆಲೆ ವರ್ಷಕ್ಕೆ 18,000.

ನೆಹೆಮೀಯನ 5ನೆಯ ಅಧ್ಯಾಯವನ್ನು ನಮ್ಮ ಸಭೆಗಳಲ್ಲಿ ಅಪರೂಪಕ್ಕೆ ಓದುತ್ತಾರೆ. ಯೆರೂಸಲೇಮಿನ ಜನರು ಕ್ಷಾಮದಲ್ಲಿ ಧಾನ್ಯಕ್ಕಾಗಿ ಮತ್ತು ಅರಸನ ಕಂದಾಯಕ್ಕಾಗಿ ಹೊಲ, ದ್ರಾಕ್ಷೇತೋಟ, ಮನೆಗಳನ್ನು ಒತ್ತೆಯಿಟ್ಟಿದ್ದರು. ಸಾಲ ಕೊಟ್ಟವರು ಪರರಲ್ಲ, ಅವರ ಸ್ವಂತ ಸಹೋದರರು. ಅಲ್ಲಿನ ಅಧಿಪತಿಯಾಗಿದ್ದ ನೆಹೆಮೀಯನು ಹೊಲಮನೆಗಳ ಜೊತೆಗೆ ಸಾಲ ಕೊಟ್ಟವರು ತೆಗೆದುಕೊಳ್ಳುತ್ತಿದ್ದ ನೂರನೆಯ ಭಾಗವನ್ನೂ ಮರಳಿಸುವಂತೆ ಒತ್ತಾಯಿಸುತ್ತಾನೆ. ಅದು ತಿಂಗಳಿಗೆ ನೂರಕ್ಕೆ 1ರ ಬಡ್ಡಿ ಎಂದು ವ್ಯಾಖ್ಯಾನಕಾರರು ಸಾಮಾನ್ಯವಾಗಿ ತಿಳಿಯುತ್ತಾರೆ. ನೂರಕ್ಕೆ 1 ಅಂದು ನೆಹೆಮೀಯನನ್ನು ಸಿಟ್ಟಿಗೆಬ್ಬಿಸಿತು. ನಮ್ಮಲ್ಲಿ ನೂರಕ್ಕೆ 3ರಂತೆ ಸಭೆಯವರಿಗೇ ಕೊಟ್ಟು, ಭಾನುವಾರ ಅವರ ಪಕ್ಕದಲ್ಲೇ ಕುಳಿತು ಪ್ರಾರ್ಥಿಸುವವರು ಇದ್ದಾರೆ. ಬಡ ಸಹೋದರನಿಗೆ ಕಷ್ಟಕಾಲದಲ್ಲಿ ಕೊಟ್ಟ ಹಣಕ್ಕೆ ಬಡ್ಡಿ ಹೇರಬಾರದೆಂಬುದು ವಿಮೋಚನಕಾಂಡ 22:25ರ ಆಜ್ಞೆ.

ಸಂಘದ ಸಾಲ ಮತ್ತು ಮೈಕ್ರೋಫೈನಾನ್ಸ್ ಕಂತು ಕಟ್ಟಲಾಗದೆ ಇನ್ನೊಂದು ಕಡೆ ಸಾಲ ತಂದಿದ್ದೇವೆ. ಈಗ ಏನು ಮಾಡಬೇಕು?

ಮೊದಲು ಸ್ವಸಹಾಯ ಸಂಘವನ್ನೂ ಮೈಕ್ರೋಫೈನಾನ್ಸ್ ಕಂಪನಿಯನ್ನೂ ಬೇರೆ ಮಾಡಿ ನೋಡಿ. ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳಿಗೆ ಸಹಕಾರಿ ಬ್ಯಾಂಕಿನಿಂದ ಸಾಲ ಕೊಡಿಸುವ ಕೆಲಸದಲ್ಲಿ ಬೀದರ್ ಜಿಲ್ಲೆ ಮುಂಚೂಣಿಯಲ್ಲಿದ್ದ ಜಿಲ್ಲೆ. ಅಲ್ಲಿ ಉಳಿತಾಯ ಮೊದಲು, ಸಾಲ ಆಮೇಲೆ. ಮೈಕ್ರೋಫೈನಾನ್ಸ್ ಕಂಪನಿಯ ವಾರದ ಕಂತಿನ ಸಾಲದಲ್ಲಿ ಉಳಿತಾಯವೇ ಇರುವುದಿಲ್ಲ.

ಒಂದು ಸಾಲವನ್ನು ತೀರಿಸಲು ಇನ್ನೊಂದನ್ನು ತರುವುದನ್ನು ಇಂದೇ ನಿಲ್ಲಿಸಬೇಕು. ಒಂದು ಹಾಳೆಯ ಮೇಲೆ ಯಾರಿಗೆ, ಎಷ್ಟು ಅಸಲು, ಎಷ್ಟು ಬಡ್ಡಿ, ಯಾವ ದಿನದ ಕಂತು ಎಂಬುದನ್ನೆಲ್ಲ ಬರೆಯಿರಿ. ಗಂಡನಿಗೆ ತಿಳಿಯದ ಹೆಂಡತಿಯ ಸಾಲ ಮತ್ತು ಹೆಂಡತಿಗೆ ತಿಳಿಯದ ಗಂಡನ ಕೈಗಡ ಇವೆರಡೂ ಆ ಹಾಳೆಗೆ ಬರಬೇಕು. ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸಿ. ಕಂತು ತಪ್ಪುವ ಮೊದಲೇ ಶಾಖೆಗೆ ಹೋಗಿ ಅವಧಿ ಹೆಚ್ಚಿಸಿಕೊಡುವಂತೆ ಲಿಖಿತವಾಗಿ ಕೇಳಿ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ವರ್ಷದ ಆದಾಯ 3 ಲಕ್ಷದವರೆಗಿನ ಕುಟುಂಬಕ್ಕೆ ಕೊಡುವ ಇಂಥ ಸಾಲದಲ್ಲಿ ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ, ವಸೂಲಿಗಾಗಿ ಬೆಳಿಗ್ಗೆ 9ಕ್ಕೆ ಮೊದಲು ಅಥವಾ ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಬಲವಂತದ ವಸೂಲಿಯ ವಿರುದ್ಧ ಕರ್ನಾಟಕ ಸರ್ಕಾರ 2025ರಲ್ಲಿ ತಂದ ಕಾನೂನಿನಲ್ಲಿ 10 ವರ್ಷಗಳವರೆಗಿನ ಸೆರೆ ಮತ್ತು 5 ಲಕ್ಷದವರೆಗಿನ ದಂಡಕ್ಕೆ ಅವಕಾಶವಿದೆ. ಮನೆಯ ಮುಂದೆ ಬಂದು ಅವಮಾನ ಮಾಡುವವರ ವಿಷಯವನ್ನು ಪೊಲೀಸ್ ಠಾಣೆಗೆ ತಿಳಿಸುವುದು ವಿಶ್ವಾಸಿಗೆ ತಕ್ಕದ್ದಲ್ಲವೆಂದು ಯಾರೂ ತಿಳಿಯಬಾರದು. ಸಾಲ ತೀರಿಸುವ ಕರ್ತವ್ಯ ನಿಮ್ಮದು, ಮರ್ಯಾದೆಯಿಂದ ಬದುಕುವ ಹಕ್ಕೂ ನಿಮ್ಮದೇ.

ಸಭೆಯ ಸಹೋದರನೊಬ್ಬ ಜಾಮೀನು ಹಾಕಲು ಕೇಳಿದ್ದಾನೆ. ಇಲ್ಲವೆನ್ನಬಹುದೇ?

ಎನ್ನಬಹುದು. ಜ್ಞಾನೋಕ್ತಿಗಳು 6:1-5 ನೆರೆಯವನಿಗಾಗಿ ಹೊಣೆಯಾದವನಿಗೆ, ನಿದ್ದೆ ಮಾಡದೆ ಹೋಗಿ ಅದರಿಂದ ಬಿಡಿಸಿಕೊಳ್ಳೆಂದು ಹೇಳುತ್ತದೆ. ಸಹಾಯ ಮಾಡಲೇಬೇಕೆನಿಸಿದರೆ ಕಳೆದುಕೊಂಡರೂ ಸಹಿಸಬಹುದಾದ ಸಣ್ಣ ಮೊತ್ತವನ್ನು ಕೈಯಾರೆ ಕೊಟ್ಟುಬಿಡಿ, ರುಜು ಮಾಡಬೇಡಿ.

ಭಿಶಿ ಅಥವಾ ಚೀಟಿ ಹಾಕಬಹುದೇ?

ಗುರುತಿರುವ ಹತ್ತು ಹನ್ನೆರಡು ಜನ ಸೇರಿ ತಿಂಗಳಿಗಿಷ್ಟೆಂದು ಹಾಕಿ ಸರದಿಯಂತೆ ಎತ್ತುವ ಭಿಶಿಯಲ್ಲಿ ತಪ್ಪೇನೂ ಇಲ್ಲ, ಕೈಯಲ್ಲಿ ದುಡ್ಡು ನಿಲ್ಲದವರಿಗೆ ಅದು ಉಪಕಾರವನ್ನೂ ಮಾಡುತ್ತದೆ. ಮೊತ್ತ ದೊಡ್ಡದಾಗಿ ನಡೆಸುವವರು ಅಪರಿಚಿತರಾದಾಗ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಬೇಕು. ಮೊದಲ ಸರದಿಯಲ್ಲೇ ಎತ್ತಿ ಉಳಿದ ಕಂತು ಕಟ್ಟದವನು ಕದ್ದಂತೆ. ಈ ಮಾತನ್ನು ಸಭೆಗಳಲ್ಲಿ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ಇಲ್ಲಿ ಹೇಳಲಾಗಿದೆ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ರಮ್ಮಿಯಂಥ ಆಟಗಳನ್ನು ಕೇಂದ್ರ ಸರ್ಕಾರವೇ 2025ರ ಕಾಯ್ದೆಯಿಂದ ನಿಷೇಧಿಸಿದೆ, ಅದರ ಬಗ್ಗೆ ಬೇರೆ ಚರ್ಚೆ ಬೇಡ.

ಗೃಹಲಕ್ಷ್ಮಿಯ ಹಣ ಯಾರದು? ಗಂಡ ಕೇಳಿದರೆ ಕೊಡಬೇಕೇ?

ಆ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರುತ್ತದೆ, ಅದರ ಮೇಲಿನ ಅಧಿಕಾರ ಆಕೆಯದು. ಜ್ಞಾನೋಕ್ತಿಗಳು 31ರ ಗುಣವತಿಯಾದ ಹೆಂಡತಿ ಹೊಲವನ್ನು ತಾನೇ ನೋಡಿ ಕೊಂಡುಕೊಳ್ಳುತ್ತಾಳೆ, ತನ್ನ ಗಳಿಕೆಯಿಂದ ದ್ರಾಕ್ಷೇತೋಟ ನೆಡುತ್ತಾಳೆ. ಗಂಡನ ಹೃದಯ ಆಕೆಯಲ್ಲಿ ಭರವಸವಿಡುತ್ತದೆ ಎಂದಿದೆಯೇ ಹೊರತು ಗಂಡ ಆಕೆಯ ಪಾಸ್‌ಬುಕ್ ಇಟ್ಟುಕೊಳ್ಳುತ್ತಾನೆ ಎಂದಿಲ್ಲ. ಕುಡಿತದ ಮನೆಯಲ್ಲಿ ಆ ಹಣದ ಎಟಿಎಂ ಕಾರ್ಡು ಆಕೆಯ ಕೈಯಲ್ಲೇ ಇರಬೇಕು, ಇದರಲ್ಲಿ ಸಭಾಪಾಲಕರು ಆಕೆಯ ಪರವಾಗಿ ನಿಲ್ಲಬೇಕು. ಕುಡಿತವಿಲ್ಲದ, ಒಬ್ಬರನ್ನೊಬ್ಬರು ನಂಬುವ ಮನೆಯಲ್ಲಿ ಇಬ್ಬರ ಹಣವೂ ಒಂದೇ ನೋಟ್‌ಬುಕ್ಕಿನಲ್ಲಿ ಕಾಣಬೇಕು. ಹೊಲ ಮಾರಿದ ಹಣದಲ್ಲಿ ಸ್ವಲ್ಪ ಇಟ್ಟುಕೊಂಡು ಎಲ್ಲವನ್ನೂ ಕೊಟ್ಟಂತೆ ತೋರಿಸಿದ ಅನನೀಯ ಮತ್ತು ಸಪ್ಫೈರಳ ಕಥೆಯಲ್ಲಿ ಗಂಡ ಹೆಂಡತಿ ಒಂದಾಗಿದ್ದದ್ದು ಸುಳ್ಳಿನಲ್ಲಿ (ಅಪೊಸ್ತಲರ ಕೃತ್ಯಗಳು 5). ಹೊಲ ನಿನ್ನದೇ ಆಗಿತ್ತು, ಮಾರಿದ ಮೇಲೂ ಹಣ ನಿನ್ನ ವಶದಲ್ಲೇ ಇತ್ತಲ್ಲವೇ ಎಂದು ಪೇತ್ರನು ಕೇಳುವುದನ್ನು ಗಮನಿಸಿ. ಇಟ್ಟುಕೊಂಡದ್ದು ಅಪರಾಧವಾಗಿರಲಿಲ್ಲ, ಮರೆಮಾಚಿದ್ದು ಅಪರಾಧವಾಯಿತು.

ಕ್ರಿಸ್‌ಮಸ್ ಮತ್ತು ಮದುವೆಯ ಖರ್ಚಿಗೆ ಮಿತಿ ಯಾವುದು?

ಕ್ರಿಸ್‌ಮಸ್ ಬರುವುದು ತೊಗರಿ ಕಣದಲ್ಲಿರುವಾಗ. ಕೆಲವರ ಬೆಳೆ ಇನ್ನೂ ನಿಂತಿರುತ್ತದೆ, ಕೆಲವರ ರಾಶಿಯಾಗಿರುತ್ತದೆ, ಹಣ ಮಾತ್ರ ಹೆಚ್ಚಿನವರ ಕೈಗೆ ಬಂದಿರುವುದಿಲ್ಲ. ಆದರೂ ಮನೆಮಂದಿಗೆಲ್ಲ ಬಟ್ಟೆ, ಗೋಡೆಗೆ ಬಣ್ಣ, ನೆಂಟರಿಗೆ ಊಟ. ಹಾಗಾಗಿ ಬಟ್ಟೆಯಂಗಡಿಯ ಉದ್ರಿ ತೀರಿಸಲು ತೊಗರಿಯನ್ನು ದರ ನೋಡದೆ ಅವಸರದಲ್ಲಿ ಮಾರುವುದಾಗುತ್ತದೆ. 2025-26ರ ಹಂಗಾಮಿಗೆ ಕೇಂದ್ರವು ತೊಗರಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಖರೀದಿ ಕೇಂದ್ರ ತೆರೆದು ಹಣ ಖಾತೆಗೆ ಬರುವವರೆಗೆ ಕಾಯುವ ಶಕ್ತಿ ಇರುವುದು ಉದ್ರಿಯಿಲ್ಲದ ಮನೆಗೆ ಮಾತ್ರ. ಸೋಯಾ ಮಾರಿದ ಅಕ್ಟೋಬರ್‌ನಲ್ಲೇ ಕ್ರಿಸ್‌ಮಸ್ಸಿನ ಮೊತ್ತವನ್ನು ಬೇರೆ ಇಟ್ಟುಬಿಡಿ, ಅಷ್ಟರಲ್ಲೇ ಹಬ್ಬ ಮಾಡಿ.

ಮದುವೆಗೆ ಸಂಬಂಧಿಸಿ ಮೊದಲ ಮಾತು ವರದಕ್ಷಿಣೆಯದು. 1961ರ ಕಾಯ್ದೆಯಂತೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ, ಅದಕ್ಕೆ ಉಡುಗೊರೆಯೆಂಬ ಹೆಸರಿಟ್ಟರೂ ಅಷ್ಟೇ. ಹೊಲ ಮಾರಿ ಮಗಳ ಮದುವೆ ಮಾಡಿದ ತಂದೆ ಮರುವರ್ಷ ಅದೇ ಹೊಲದಲ್ಲಿ ಕೂಲಿಗೆ ಹೋಗುವುದನ್ನು ನಮ್ಮ ಊರುಗಳು ನೋಡಿವೆ. ಸಭಾಪಾಲಕರು ಮದುವೆಯ ಪ್ರಕಟಣೆ ಓದುವ ಮೊದಲು ಎರಡೂ ಮನೆಯವರನ್ನು ಕೂರಿಸಿ ಖರ್ಚು ಎಷ್ಟು, ಅದರಲ್ಲಿ ಸಾಲ ಎಷ್ಟು ಎಂದು ಕೇಳುವ ಪದ್ಧತಿ ಎಲ್ಲ ಕಡೆ ಬಂದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ.

ಮನೆ ಕಟ್ಟುವ ಆಸೆಯಿದ್ದವರಿಗೂ ಒಂದು ವಚನವಿದೆ: ಮೊದಲು ಹೊಲದ ಕೆಲಸವನ್ನು ಸಿದ್ಧಮಾಡಿಕೊಂಡು ಆಮೇಲೆ ಮನೆ ಕಟ್ಟಬೇಕು (ಜ್ಞಾನೋಕ್ತಿಗಳು 24:27).

ವಿಮೆ ಮಾಡಿಸುವುದು ನಂಬಿಕೆಯ ಕೊರತೆಯಲ್ಲವೇ?

ಅಲ್ಲ. ತನ್ನ ಮನೆಯವರಿಗೆ ಬೇಕಾದದ್ದನ್ನು ಒದಗಿಸದವನು ನಂಬಿಕೆಯನ್ನು ತಿರಸ್ಕರಿಸಿದವನು ಎಂದು ಪೌಲನು ಬರೆದಿದ್ದಾನೆ (1 ತಿಮೊಥೆಯ 5:8). ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ, 436 ರೂಪಾಯಿಗೆ 2 ಲಕ್ಷದ ಜೀವ ವಿಮೆ ಸಿಗುತ್ತವೆ. ಮೊದಲನೆಯದಕ್ಕೆ 18ರಿಂದ 70, ಎರಡನೆಯದಕ್ಕೆ ಸೇರುವಾಗ 18ರಿಂದ 50 ವಯಸ್ಸಿರಬೇಕು. ಮೇ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ಹಣವಿಲ್ಲದೆ ವಿಮೆ ನಿಂತುಹೋಗುವುದೇ ಹೆಚ್ಚು. ಕಟ್ಟಡದ ಕೆಲಸಕ್ಕೆ ಹೋಗುವ ಮಗನಿದ್ದರೆ ಇದನ್ನು ತಪ್ಪಿಸಬೇಡಿ.

ಮಗನಿಗೆ ಹೈದರಾಬಾದಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ. ಹೆಚ್ಚಿದ ಆದಾಯವನ್ನು ಹೇಗೆ ಬಳಸಬೇಕು?

ನಮ್ಮಲ್ಲಿ ಮೆಥಡಿಸ್ಟ್ ಸಭೆಗಳು ಹೆಚ್ಚಿರುವುದರಿಂದ ಆ ಸಭೆಗಳ ಮೂಲಪುರುಷ ಜಾನ್ ವೆಸ್ಲಿಯವರ ಲೆಕ್ಕವನ್ನು ಇಲ್ಲಿ ಹೇಳುವುದು ಉಚಿತ. ಹಣದ ಉಪಯೋಗದ ಕುರಿತ ಅವರ ಪ್ರಸಂಗ 1760ರಲ್ಲಿ ಅಚ್ಚಾಯಿತು: ನೆರೆಯವನಿಗೂ ತನ್ನ ದೇಹಕ್ಕೂ ಕೇಡಾಗದಂತೆ ಸಾಧ್ಯವಾದಷ್ಟು ಗಳಿಸು, ಸಾಧ್ಯವಾದಷ್ಟು ಉಳಿಸು, ಸಾಧ್ಯವಾದಷ್ಟು ಕೊಡು ಎಂಬುದು ಅದರ ಸಾರ. ಇನ್ನೊಂದು ಪ್ರಸಂಗದಲ್ಲಿ ಅವರು ಆಕ್ಸ್‌ಫರ್ಡಿನ ಯುವಕನೊಬ್ಬನ ವಿಷಯ ಹೇಳುತ್ತಾರೆ, ಅದು ಅವರದೇ ಲೆಕ್ಕವೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಮೊದಲ ವರ್ಷ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟನು. ಮರುವರ್ಷ 60 ಬಂದಾಗಲೂ 28ರಲ್ಲೇ ಬದುಕಿ 32 ಕೊಟ್ಟನು. ಹೆಂಡತಿ ಮಕ್ಕಳಿರುವ ಮನೆಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಆದರೆ ಸಂಬಳ 5,000 ಹೆಚ್ಚಾದ ತಿಂಗಳೇ 5,000ದ ಕಂತು ಹಿಡಿಯಬೇಕೆಂಬ ನಿಯಮವೂ ಎಲ್ಲೂ ಇಲ್ಲ. ಊರಿನ ಸಾಲ, ತಂದೆತಾಯಿಯ ಖರ್ಚು, ಆರು ತಿಂಗಳ ಮನೆಖರ್ಚಿನಷ್ಟು ಉಳಿತಾಯ, ಹೆಣ್ಣುಮಗುವಿದ್ದರೆ 10 ವರ್ಷದೊಳಗೆ ತೆರೆಯಬೇಕಾದ ಸುಕನ್ಯಾ ಸಮೃದ್ಧಿ ಖಾತೆ, ಈ ಕ್ರಮವೇ ಸಾಕು. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯಿದೆ; ಹೆಚ್ಚು ಬಡ್ಡಿಯ ಆಸೆ ತೋರಿಸುವ ಸೌಹಾರ್ದ ಸಂಘಗಳಲ್ಲಿ ಆ ರಕ್ಷಣೆ ಇರುವುದಿಲ್ಲ.

ನಾವೇ ಕೂಲಿಯವರನ್ನು ಕರೆಯುತ್ತೇವೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಬಹಳವಿದೆ. ಕೂಲಿಯನ್ನು ಅದೇ ದಿನ ಹೊತ್ತು ಮುಳುಗುವ ಮೊದಲು ಕೊಡಬೇಕು, ಅವನು ಬಡವನಾಗಿ ಅದನ್ನೇ ಎದುರುನೋಡುತ್ತಿರುತ್ತಾನೆ ಎಂದು ಧರ್ಮೋಪದೇಶಕಾಂಡ 24:15 ಹೇಳುತ್ತದೆ. ಸೋಯಾ ಕೊಯ್ಲಿನವರಿಗೆ ಮಾರಿದ ಮೇಲೆ ಕೊಡುತ್ತೇನೆಂದು ತಿಂಗಳುಗಟ್ಟಲೆ ನಿಲ್ಲಿಸುವವರ ದಶಮಾಂಶದ ಲೆಕ್ಕ ಎಷ್ಟು ಸರಿಯಾಗಿದ್ದರೂ ಅದು ಪೂರ್ತಿ ಲೆಕ್ಕವಲ್ಲ. ರಾಶಿಯಾದ ಮೇಲೆ ಹೊಲದಲ್ಲಿ ಉದುರಿದ ಕಾಳನ್ನು ಆಯಲು ಬರುವ ಹೆಂಗಸರನ್ನು ಅಟ್ಟಬಾರದು (ಯಾಜಕಕಾಂಡ 19:9). ರೂತಳು ಬೋವಜನ ಹೊಲಕ್ಕೆ ಬಂದದ್ದು ಹಾಗೆಯೇ.

ಕ್ರೈಸ್ತರು ಉಯಿಲು ಬರೆಯದೆ ಸತ್ತರೆ ಆಸ್ತಿ ಯಾರಿಗೆ ಸೇರುತ್ತದೆ?

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ, ಮಕ್ಕಳಿರುವ ಕ್ರೈಸ್ತನು ಉಯಿಲಿಲ್ಲದೆ ತೀರಿಕೊಂಡರೆ ಹೆಂಡತಿಗೆ ಮೂರನೆಯ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ; ಗಂಡುಮಗು ಹೆಣ್ಣುಮಗು ಎಂಬ ಭೇದವಿಲ್ಲ. ಮದುವೆಯಾಗಿ ಹೋದ ಮಗಳಿಗೇಕೆ ಪಾಲು ಎನ್ನುವವರು ಚಲ್ಪಹಾದನ ಹೆಣ್ಣುಮಕ್ಕಳ ವಿಷಯವನ್ನು ಅರಣ್ಯಕಾಂಡ 27ರಲ್ಲಿ ಓದಬಹುದು. ತಂದೆಗೆ ಗಂಡುಮಕ್ಕಳಿಲ್ಲದಾಗ ಅವರು ಪಾಲು ಕೇಳಿದರು, ಅವರು ಕೇಳಿದ್ದು ನ್ಯಾಯವೆಂದು ದೇವರೇ ಮೋಶೆಗೆ ಹೇಳಿದನು. ಸರ್ಕಾರಿ ದಾಖಲೆಯಲ್ಲಿ ಕುಟುಂಬದ ಧರ್ಮ ಬೇರೆ ನಮೂದಾಗಿದ್ದರೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದು ಸುಲಭದ ಪ್ರಶ್ನೆಯಲ್ಲ, ಅಂಥವರು ವಕೀಲರನ್ನು ಕಾಣಬೇಕು.

ಉಯಿಲನ್ನು ಬಿಳಿ ಹಾಳೆಯ ಮೇಲೂ ಬರೆಯಬಹುದು, ಇಬ್ಬರು ಸಾಕ್ಷಿಗಳು ರುಜು ಮಾಡಿರಬೇಕು. ಉಯಿಲಿನಲ್ಲಿ ಪಾಲು ಪಡೆಯುವವರನ್ನು ಸಾಕ್ಷಿಯಾಗಿ ಕರೆಯಬೇಡಿ. ಮದುವೆಗೆ ಮೊದಲು ಬರೆದ ಉಯಿಲು ಮದುವೆಯಿಂದ ರದ್ದಾಗುತ್ತದೆ ಎಂಬ ನಿಯಮ ಕ್ರೈಸ್ತರಿಗೆ ಅನ್ವಯಿಸುವುದರಿಂದ, ಮರುಮದುವೆಯಾದವರು ಹೊಸದಾಗಿ ಬರೆಯಬೇಕು. ಬ್ಯಾಂಕಿನ ನಾಮಿನಿಯು ಹಣವನ್ನು ಪಡೆದುಕೊಳ್ಳುವವನು, ಅದರ ಒಡೆಯನಾಗಬೇಕೆಂದಿಲ್ಲ. ಮೊದಲ ಮಗನ ಹೆಸರು ನಾಮಿನಿಯಾಗಿರುವ ಮನೆಗಳಲ್ಲಿ ಇದನ್ನು ಎಲ್ಲ ಮಕ್ಕಳ ಎದುರಿಗೇ ಹೇಳಿಬಿಡಬೇಕು. ಪಹಣಿ, ಪಾಸ್‌ಬುಕ್, ವಿಮೆಯ ರಸೀದಿ ಮತ್ತು ಸಾಲದ ಹಾಳೆಯನ್ನು ಒಂದೇ ಚೀಲದಲ್ಲಿಟ್ಟು, ಅದು ಮನೆಯಲ್ಲಿ ಎಲ್ಲಿದೆಯೆಂದು ಹೆಂಡತಿಗೂ ದೊಡ್ಡ ಮಗಳಿಗೂ ತೋರಿಸಿರಬೇಕು.